ಆಟಿಯಲ್ಲಿ ಮನೆ ನೋಡ್ಲಿಕ್ಕೆ ಹೋದ ಕತೆ

ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಯಾರೂ ಮನೆ ನೋಡ್ಲಿಕ್ಕೆ ಹೋಗುದಿಲ್ಲ. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಅಡ್ವಾನ್ಸ್ ಕೊಡುದಂತೂ ಕೇಳುದೇ ಬೇಡ. ಈ ಕ್ರಮ ಶುರು ಮಾಡಿದವ ಹಳೇ ಕಾಲದ ಯಾವುದೋ ಬ್ರೋಕರೇ ಇರಬೇಕು ಅಂತ ನನ್ನ ಬಲವಾದ ಗುಮಾನಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಹೊಡೆಯುವ ಊರಲ್ಲಿ ಮನೆಯ ಬಣ್ಣ ಬಯಲಾಗುದೇ ಆಟಿಯಲ್ಲಲ್ವಾ? ಈ ಬ್ರೋಕರುಗಳು ಮನೆಯ ಮಾಡು, ಅಂದ್ರೆ ಸೂರು, ತೋರಿಸುದು ಮಾರ್ಚಲ್ಲಿ, ಬಾವಿ ತೋರಿಸುದು ಸೆಪ್ಟೆಂಬರಲ್ಲಿ. ಎರಡೂ ಫಸ್ಟ್ ಕ್ಲಾಸ್ ಕಾಣ್ತದೆ.

ಹಾಗಾಗಿ ನಾನು ಹಟ ಹಿಡಿದು ಜಡಿಮಳೆಗೇ ಹೊರಟೆ, ಪೆರ್ಲದ ಹತ್ರ ಒಂದು ಹಂಚಿನ ಮನೆಗೆ, ಜೊತೆಗೆ ಮಾವ. ಮಾವ ರಿಟೈರ್ಡ್ ಮೇಷ್ಟ್ರು, ಆದ್ರೆ ಕೈಯಲ್ಲಿ ಟಾರ್ಚ್ ಸಿಕ್ಕಿದ್ರೆ ಇಂಜಿನಿಯರ್.

ಒಳಗೆ ಹೋದ ಕೂಡ್ಲೆ ನನ್ನ ಕಣ್ಣಿಗೆ ಬಿದ್ದದ್ದು ಕ್ಯಾಲೆಂಡರ್. ನಾನು ಈವರೆಗೆ ಮೊಣಕಾಲಿನ ಎತ್ತರಕ್ಕೆ ಕ್ಯಾಲೆಂಡರ್ ನೇತು ಹಾಕಿದ್ದು ನೋಡಿದವನಲ್ಲ. ಅದೂ ಒಂದಲ್ಲ, ಸಾಲಾಗಿ. "ಮಕ್ಕಳಿಗೆ ಕಾಣ್ಲಿಕ್ಕೆ" ಅಂದ ಬ್ರೋಕರ್. ಮಾವ ಒಂದನ್ನು ಸರಿಸಿದ್ರು ನೋಡಿ, ಹಿಂದೆ ಪೈಂಟೆಲ್ಲ ಗುಳ್ಳೆ ಎದ್ದು ಬೆಳ್ಳಗೆ ಉಪ್ಪು ಹೂ ಬಿಟ್ಟಿತ್ತು. ಮುರಕಲ್ಲು ಅಂದ್ರೆ ಜಂಬಿಟ್ಟಿಗೆ ಕಲ್ಲು, ಮೈಯೆಲ್ಲ ತೂತು, ಪಂಚಾಂಗದಲ್ಲಿ, ಅಂದ್ರೆ ಗೋಡೆಯ ಅಡಿಪಾಯದಲ್ಲಿ, ತೇವ ತಡೆಯುವ ಪದರ ಇಲ್ಲದಿದ್ರೆ ನೆಲದ ನೀರನ್ನು ಹೀರಿ ಹೀರಿ ಮೇಲಕ್ಕೆ ಏರಿಸ್ತದೆ, ಇಂಥ ಗೋಡೆಗೆ ಏಷ್ಯನ್ ಪೈಂಟ್ಸ್ ಅಲ್ಲ ಬಂಗಾರ ಬಳಿದ್ರೂ ಮುಂದಿನ ಮಳೆಗಾಲಕ್ಕೆ ಏಳ್ತದೆ. ಮಾವ ಪರೀಕ್ಷೆಗೆ ಅಂತ ಕೊಡೆಯ ತುದಿಯಿಂದ ಒಂದು ಕುಟ್ಟು ಕುಟ್ಟಿದ್ರು. ರೊಟ್ಟಿಯಷ್ಟಗಲದ ಗಾರೆ ಬ್ರೋಕರನ ಕಾಲ ಮೇಲೆಯೇ ಬಿತ್ತು.

"ನೀವು ಒಡೆದದ್ದು!" ಅಂದ ಅವ.

ಅಟ್ಟಕ್ಕೆ ಬ್ರೋಕರ್ ಹತ್ಲಿಲ್ಲ, ಮಂಡಿನೋವಂತೆ. ಮಾವ ಹತ್ತಿದ್ರು. ಹಂಚು ಹೊರುವ ಮರದ ಪಕ್ಕಾಸಿಗೆ ಪೆನ್ ಚುಚ್ಚಿದ್ರೆ ಪೆನ್ನೇ ಒಳಗೆ ಹೋಯ್ತಂತೆ, ಹೊರಗಿಂದ ನುಣ್ಣಗೆ, ಒಳಗೆಲ್ಲ ಗೆದ್ದಲು ತಿಂದು ಮುಗಿಸಿದೆ. ಪೆನ್ ಇನ್ನೂ ಅಲ್ಲೇ ಉಂಟು.

ಬಾವಿ ಎಲ್ಲಿ ಅಂತ ಕೇಳಿದ್ರೆ "ಬಾವಿ ಎಂತಕ್ಕೆ ಸಾರ್, ಸುರಂಗ ಉಂಟು" ಅಂತ ಹಿಂದಿನ ಗುಡ್ಡಕ್ಕೆ ಕರ್ಕೊಂಡು ಹೋದ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಸರುವ ನೀರನ್ನು ಟ್ಯಾಂಕಿಗೆ ಬಿಡುವ ಉಪಾಯ, ಪಂಪು ಬೇಡ ಕರೆಂಟು ಬೇಡ, ಪಡ್ರೆ ಬಾಯಾರು ಕಡೆ ಸುಮಾರು ಜನ ಇವತ್ತಿಗೂ ಇದನ್ನೇ ಕುಡಿಯುದು. ನೀರೇನೋ ಧೋ ಅಂತ ಬರ್ತಿತ್ತು, ಆದ್ರೆ ಆಟಿಯಲ್ಲಿ ನಮ್ಮ ಅಂಗಳದಲ್ಲೂ ಹಾಗೇ ಬರ್ತದೆ ಮಾರಾಯ್ರೆ, ಎಪ್ರಿಲಲ್ಲಿ ಎಷ್ಟು ಬರ್ತದೆ ಹೇಳಿ. ಅವ ಹೇಳ್ಲಿಲ್ಲ. ಮಾವ ಬಗ್ಗಿ ಟಾರ್ಚ್ ಬಿಟ್ಟದ್ದೇ ಬಾವಲಿಗಳೆಲ್ಲ ಒಟ್ಟಿಗೆ ಹೊರಗೆ ಬಂದವು, ಬ್ರೋಕರನ ಮಂಡಿನೋವು ಆ ಕ್ಷಣಕ್ಕೆ ವಾಸಿಯಾಯ್ತು, ಅಂಥ ಓಟ.

ಕಾಗದಪತ್ರದ್ದು ಬಿಡಿ, ಆಧಾರ, ಅಂದ್ರೆ ಜಾಗದ ಕ್ರಯಪತ್ರ, ಮಲಯಾಳದಲ್ಲಿ, ಅದಕ್ಕೆ ಬೇರೆ ಜನ ಇದ್ದಾರೆ. ಸ್ಟಾಂಪ್ ಡ್ಯೂಟಿ ನೂರಕ್ಕೆ 8, ರಿಜಿಸ್ಟ್ರೇಷನ್ 2, ಒಟ್ಟು 10. ಈ ಹತ್ತರ ದುಡ್ಡಲ್ಲಿ ಮಾಡು ರಿಪೇರಿ ಆಗ್ತಿತ್ತು ಅಂತ ನಾನು ಮನಸ್ಸಲ್ಲೇ ಕೂಡಿಸಿ ಕಳೀತಾ ಒಳಗೆ ಬಂದೆ.

ಚಾವಡಿಯದ್ದು ಹಳೇ ರೆಡ್ ಆಕ್ಸೈಡ್ ನೆಲ, ಕನ್ನಡಿ ಹಾಗೆ ಹೊಳೀತದೆ. ಅದರ ಮೇಲೆ ಅಲ್ಲಲ್ಲಿ ಬಿಳಚಿದ ಉಂಗುರಗಳು, ಸಣ್ಣದು, ದೊಡ್ಡದು. "ಡಿಸೈನ್" ಅಂದ ಬ್ರೋಕರ್. ಅಷ್ಟರಲ್ಲಿ ಒಳಗಿಂದ ಮನೆಯ ಅಜ್ಜಿ ಎರಡು ಚೆಂಬು, ಒಂದು ದೊಡ್ಡ ಕೊಪ್ಪರಿಗೆ ತಂದು ನಮ್ಮ ಕಡೆ ನೋಡದೆ ಒಂದೊಂದೇ ಉಂಗುರದ ಮೇಲೆ ಕರೆಕ್ಟಾಗಿ ಕೂರಿಸಿದ್ರು. ಇಟ್ಟ ಕೂಡ್ಲೆ ಟಣ್ ಟಣ್ ಶುರು.

ಬ್ರೋಕರ್ ರೇಟಲ್ಲಿ ಎರಡು ಲಕ್ಷ ಇಳಿಸಿದ.

ಅಜ್ಜಿ ತಲೆ ಎತ್ತಿದ್ರು. "ಮನೆ ಮಗ ಮಾರ್ಲಿ, ಈ ಪಾತ್ರೆ ಮಾತ್ರ ನಾನು ಬಿಟ್ಟು ಹೋಗುದಿಲ್ಲ, ಇದು ನನ್ನ ತವರಿಂದ ಬಂದದ್ದು."

ಮಾವನ ಮುಖ ಬಾಡಿತು. "ಅಯ್ಯೋ, ಹಾಗಾದ್ರೆ ಇಲ್ಲಿ ನಾವು ಎಂತ ಇಡುದು ಅಜ್ಜಿ?"