ನೆನೆಸಿಟ್ಟ ಪಾತ್ರೆ, ಸ್ವೀಡನ್ನಿನ ಗಂಜಿ

ರೂಮ್‌ಮೇಟ್ ಬಾಯಿಂದ ಬರುವ ಮಾತುಗಳಲ್ಲಿ ಮೈ ಉರಿಸುವುದು ಒಂದೇ: "ನೆನೆಯೋಕೆ ಹಾಕಿದ್ದೀನಿ ಕಣೋ." ನಿನ್ನೆ ರಾತ್ರಿ ಅದೇ, ಇವತ್ತು ಬೆಳಿಗ್ಗೆಯೂ ಅದೇ. ಸಿಂಕಿನಲ್ಲಿ ಪಾತ್ರೆ, ಪಾತ್ರೆಯಲ್ಲಿ ನೀರು, ನೀರಿನ ಮೇಲೆ ಹೆಸರಿಡಲಾಗದ ಒಂದು ಪೊರೆ.

ಇಂಥ ಹೊತ್ತಿನಲ್ಲಿ ನಿರ್ದೇಶಕ ಲೂಕಸ್ ಮೂಡಿಸನ್‌ನ 'ತಿಲ್ಸಮ್ಮನ್ಸ್' (ಅಂದರೆ 'ಜೊತೆಯಾಗಿ') ಮತ್ತೆ ನೋಡಬಾರದು. 2000ದಲ್ಲಿ ಬಂದ ಈ ಸ್ವೀಡಿಷ್ ಚಿತ್ರ ನಡೆಯುವುದು 1975ರ ಸ್ಟಾಕ್‌ಹೋಮ್‌ನಲ್ಲಿ, ಕೂಡಿ ಬಾಳುತ್ತೇವೆಂದು ಹಟ ತೊಟ್ಟ ಎಡಪಂಥೀಯರ ಮನೆಯೊಂದರಲ್ಲಿ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಸತ್ತ ಸುದ್ದಿ ರೇಡಿಯೊದಲ್ಲಿ ಬಂದದ್ದೇ ತಡ, ಮನೆಗೆ ಮನೆಯೇ ಕುಣಿಯುತ್ತದೆ. ಮುಂದೆ ಪಾತ್ರೆ ತೊಳೆಯುವುದು ಬೂರ್ಜ್ವಾ, ಅಂದರೆ ಉಳ್ಳವರ, ಚಟವೋ ಅಲ್ಲವೋ ಎಂಬ ಗಂಭೀರ ಚರ್ಚೆ. ನಮ್ಮ ಕಡೆ ಚರ್ಚೆಯೂ ಇಲ್ಲ. ಬರೀ ಪಾತ್ರೆ.

ಮನೆಯ ಸಾಧು ಪ್ರಾಣಿ ಯೋರಾನ್ ಓಟ್ಸ್ ಗಂಜಿಯ ಮೇಲೆ ಒಂದು ಪುಟ್ಟ ಭಾಷಣ ಮಾಡುತ್ತಾನೆ. ನಾವೆಲ್ಲ ಮೊದಲು ಒಣಗಿದ, ಒಂಟಿ ಕಾಳುಗಳು; ಜೊತೆಗೆ ಬೆಂದರೆ ಮೆತ್ತಗಾಗಿ, ಒಂದರೊಳಗೊಂದು ಕರಗಿ, ಬೆಚ್ಚಗಿನ ಗಂಜಿಯಾಗುತ್ತೇವೆ ಅನ್ನುತ್ತಾನೆ. ಕೇಳಲು ಚೆನ್ನ. ಆ ತಪ್ಪಲೆ ಉಜ್ಜುವವರು ಯಾರು ಅನ್ನುವ ಸುದ್ದಿ ಮಾತ್ರ ಎತ್ತುವುದಿಲ್ಲ.

ಸ್ವೀಡನ್ನಿನಲ್ಲಿ ಒಬ್ಬರ ಅಳತೆ ಸರಳ: 1 ಡೆಸಿಲೀಟರ್ (100 ಮಿಲಿಲೀಟರ್) ಓಟ್ಸ್, 2 ಡೆಸಿಲೀಟರ್ ನೀರು, ಚಿಟಿಕೆ ಉಪ್ಪು, ಕುದಿ ಬಂದ ಮೇಲೆ ಮೂರು ನಿಮಿಷ. ಕಷ್ಟ ಶುರುವಾಗುವುದು ಒಲೆ ಆರಿದ ಮೇಲೆ. 60 ಡಿಗ್ರಿ ಆಸುಪಾಸಿನಲ್ಲೇ ಉಬ್ಬಿದ ಪಿಷ್ಟ, ಅದರ ಜೊತೆ ಓಟ್ಸಿನ ಬೀಟಾ-ಗ್ಲುಕನ್ ಎಂಬ ಅಂಟು. ಎರಡೂ ಒಣಗಿದರೆ ಮುದ್ದೆ ಮಾಡಿ ಮರೆತ ಪಾತ್ರೆಯ ತಳವೇ ಗತಿ. ಒಣಗಲು ಬಿಡಬಾರದು. ಬಟ್ಟಲಿಗೆ ಬಡಿಸಿದ ತಕ್ಷಣ ಖಾಲಿ ತಪ್ಪಲೆಗೆ ತಣ್ಣೀರು ಸುರಿಯಬೇಕು. ಬಿಸಿನೀರಾದರೆ ಪಿಷ್ಟ ಇನ್ನಷ್ಟು ಗೋಂದಾಗಿ ಸ್ಪಂಜಿನ ತೂತುಗಳೊಳಗೇ ಬಿಡಾರ ಹೂಡುತ್ತದೆ. ಅರ್ಧ ಗಂಟೆ ಸಾಕು, ಆಮೇಲೆ ಮರದ ಸೌಟಿನಲ್ಲಿ ಕೆರೆದರೆ ಹಾಳೆಯಂತೆ ಏಳುತ್ತದೆ. ಸ್ಟೀಲಿಗೆ ಬೇಕಾದರೆ ಅಡುಗೆ ಸೋಡಾ. ಅಲ್ಯೂಮಿನಿಯಂಗೆ ಬೇಡ, ಕಪ್ಪಾಗುತ್ತದೆ.

ಅರ್ಧ ಗಂಟೆ. ಇದನ್ನು ನೆನೆಸುವ ಮಹಾಶಯನಿಗೆ ಹೇಳಿ ನೋಡಿ! ಅವನ ಪಾಲಿಗೆ ನೆನೆಸುವುದೇ ತೊಳೆಯುವುದು. ಕುಕ್ಕರಿನಲ್ಲಿ ತಟ್ಟೆ, ತಟ್ಟೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಲೋಟ, ಲೋಟದಲ್ಲಿ ಚಮಚ, ಎಲ್ಲಕ್ಕೂ ನೀರು. ಸಿಂಕಿನಲ್ಲೇ ಸ್ಟಾಕ್‌ಹೋಮಿನ ದ್ವೀಪಸಮೂಹ. ನೀರು ಕುಡಿದ ಲೋಟವನ್ನೂ ನೆನೆಸುತ್ತಾನೆ, ಅದರಲ್ಲಿ ನೆನೆಯುವುದಾದರೂ ಏನು ಮಾರಾಯ್ರೆ? ವಾಸನೆ ಬಂತು ಎಂದು ಗಲಾಟೆಯಾದರೆ ಬೇಜಾರಿಲ್ಲದೆ ಎದ್ದು ಬಂದು, ಹಳೆ ನೀರು ಚೆಲ್ಲಿ, ಹೊಸ ನೀರು ತುಂಬಿಸಿ ಹೋಗುತ್ತಾನೆ. ನಲ್ಲಿಯ ಪಕ್ಕದಲ್ಲೇ ಇರುವ ಸ್ಕ್ರಬ್ಬರ್ ಅವನ ಕಣ್ಣಿಗೆ ಬೀಳುವುದಿಲ್ಲ. ಗೋಡೆಗೆ ಸರದಿಯ ಪಟ್ಟಿ ಅಂಟಿಸಿದರೂ ಅಷ್ಟೆ. "ನನ್ನ ದಿನ ನಾನು ಹಾಕಿದ್ದೆನಲ್ಲ, ನೆನೆಯೋಕೆ?"

ಚಿತ್ರದಲ್ಲಿ ಬಿರ್ಗರ್ ಎಂಬ ಮುದುಕನಿದ್ದಾನೆ. ಒಂಟಿ. ತನ್ನ ಮನೆಯ ಪೈಪನ್ನು ತಾನೇ ಕಳಚಿ ಪ್ಲಂಬರ್ ರೋಲ್ಫ್‌ನನ್ನು ಕರೆಸುತ್ತಾನೆ, ಮಾತಿಗೊಬ್ಬರು ಬೇಕಲ್ಲ. ಅವನ ಸಿಂಕಿನಲ್ಲಿ ನೆನೆಸಿಡಲು ಎರಡನೆಯವರ ತಟ್ಟೆಯೇ ಇಲ್ಲ. ಆ ದೃಶ್ಯ ಬಂದಾಗ ಬೈಗುಳ ಸ್ವಲ್ಪ ಹೊತ್ತು ಗಂಟಲಲ್ಲೇ ನಿಲ್ಲುತ್ತದೆ.

ಸ್ವಲ್ಪ ಹೊತ್ತು ಮಾತ್ರ. ಯಾಕೆಂದರೆ ನೆನೆದ ಗಂಜಿಯನ್ನು ನಮ್ಮವನು ಬಗ್ಗಿಸುವುದು ನೇರ ಸಿಂಕಿಗೆ. ಅದು ಹೋಗಿ ಕೆಳಗಿನ ಯು ಬೆಂಡಿನಲ್ಲಿ, ಅಂದರೆ ಬಾಗಿದ ಪೈಪಿನಲ್ಲಿ, ಎಣ್ಣೆಜಿಡ್ಡಿನ ಜೊತೆ ಗಟ್ಟಿಯಾಗುತ್ತದೆ. ಗಟ್ಟಿಯನ್ನು ಮೊದಲು ಕಸದ ಬುಟ್ಟಿಗೆ ಕೆರೆಯಬೇಕು, ಜಾಲರಿ ಇಡಬೇಕು. ಬಿರ್ಗರ್ ಪಾಪ ಆ ವಯಸ್ಸಿನಲ್ಲಿ ಬಗ್ಗಿ ಪೈಪು ಕಳಚುವ ಅಗತ್ಯವೇ ಇರಲಿಲ್ಲ. ಇಂಥ ಒಬ್ಬ ರೂಮ್‌ಮೇಟ್ ಸಿಕ್ಕಿದ್ದರೆ ರೋಲ್ಫ್ ವಾರಕ್ಕೊಮ್ಮೆ ತಾನಾಗಿಯೇ ಬರುತ್ತಿದ್ದ.