ಅಪ್ಪ ಮಾತ್ರೆ ಬರೆಯುತ್ತಿರಲಿಲ್ಲ: ಒಂದು ಸ್ಪಷ್ಟನೆ

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನದಿಂದ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಅವರ ಫೋಟೋ ಸಮೇತ ಒಂದು ಸಂದೇಶ ಓಡಾಡುತ್ತಿದೆ. ‘ಖ್ಯಾತ ಮನೋವೈದ್ಯರು ಬಿಟ್ಟುಹೋದ ನಿದ್ರೆಯ ಮದ್ದು’ ಎಂದು ಶುರುವಾಗಿ, ಒಂದು ಮಾತ್ರೆಯ ಹೆಸರು, ದಿನಕ್ಕೆಷ್ಟು ಎಂಬ ಲೆಕ್ಕ. ಅದು ಅಪ್ಪನದ್ದಲ್ಲ. ಆಗಲು ಸಾಧ್ಯವೂ ಇಲ್ಲ.

ಅಪ್ಪ ಮನಶ್ಶಾಸ್ತ್ರಜ್ಞರು, ಮನೋವೈದ್ಯರಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಔಷಧ ಬರೆಯುವವರು ಅವರು. ಅಪ್ಪನ ಕೆಲಸ ಮಾತು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವುದು. ಮದ್ದು ಬೇಕೆನಿಸಿದರೆ ಚೀಟಿಯಲ್ಲಿ ನಾಲ್ಕು ಸಾಲು ಗೀಚಿ ಮನೋವೈದ್ಯರ ಬಳಿ ಕಳಿಸುತ್ತಿದ್ದರು. ಮನೆಯಲ್ಲಿ ನಮಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಲಿಕ್ಕೂ ಅಮ್ಮನನ್ನೇ ಕೂಗುತ್ತಿದ್ದ ಮನುಷ್ಯ!

ಇನ್ನೊಂದು, ಅವರ ಡೈರಿಗಳಲ್ಲಿನ ‘ನೈಜ ಪ್ರಕರಣಗಳು’ ಪುಸ್ತಕವಾಗಲಿವೆ ಎಂಬ ಮಾತು. ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎನ್ನುತ್ತದೆ. ಅಪ್ಪ ಕಾಯ್ದೆಗೂ ಮೊದಲೇ ಹಾಗಿದ್ದವರು. ಮಹಾರಾಜ ಪಾರ್ಕಿನಲ್ಲಿ ತಮ್ಮ ಬಳಿ ಸಲಹೆಗೆ ಬಂದಿದ್ದವರು ಯಾರಾದರೂ ಎದುರಾದರೆ ತಾವಾಗಿ ನಗುತ್ತಿರಲಿಲ್ಲ. ಅವರು ನಕ್ಕರಷ್ಟೇ ಇವರ ನಗು. ‘ಯಾರಪ್ಪಾ ಅದು?’ ಎಂದರೆ ಕಡ್ಲೆಕಾಯಿ ಪೊಟ್ಟಣ ನನ್ನ ಕೈಗಿಟ್ಟು ಮಾತು ಮರೆಸುತ್ತಿದ್ದರು. ಡೈರಿಗಳಲ್ಲಿ ನಮಗೆ ಸಿಕ್ಕಿದ್ದು ಹಾಲಿನ ಲೆಕ್ಕ, ತಂಗಿಯ ಪರೀಕ್ಷೆ ದಿನಾಂಕ, ಅಮ್ಮನ ಕನ್ನಡಕದ ನಂಬರು.

ನಿದ್ರೆ ಬಾರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಸಂದೇಶ ನಿಮ್ಮ ಗುಂಪಿನಲ್ಲಿದ್ದರೆ ದಯವಿಟ್ಟು ಅಳಿಸಿ. ಫೋಟೋ ಬೇಕಾದರೆ ಇಟ್ಟುಕೊಳ್ಳಿ.