ಅದೇನ್ ಬೇಕಾಗಿಲ್ಲ ಬಿಡಿ ಸಾರ್

ಶೋರೂಮಿನಲ್ಲಿ ಆರು ತಿಂಗಳ ವಾರಂಟಿಯೊಡನೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಮೊಬೈಲಿಗೆ ಆ ಆರು ತಿಂಗಳು ತುಂಬಿದ ದಿನ ಒಂದು ಸಂದೇಶ ಬರುತ್ತದೆ: ‘ಪ್ರಿಯ ಗ್ರಾಹಕರೇ, ನಿಮ್ಮ ವಾಹನದ ವಾರಂಟಿ ಇಂದಿಗೆ ಮುಕ್ತಾಯಗೊಂಡಿದೆ.’ ಪಕ್ಕದಲ್ಲಿ ಕೈಮುಗಿದ ಚಿತ್ರ. ವಾರಂಟಿ ಮುಗಿದದ್ದಕ್ಕೆ ಬೇಸರವಿಲ್ಲ, ಶುರುವಾದದ್ದು ಮುಗಿಯಲೇಬೇಕು. ಆ ಕೈಮುಗಿದಿರುವುದು ಇದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ. ಹದಿನೈದು ದಿನ ಮುಂಚೆ ‘ಗಾಡಿ ತಂದು ಒಂದ್ಸಲ ತೋರಿಸಿ, ಏನಾದ್ರೂ ಇದ್ರೆ ಈಗಲೇ ಮಾಡಿಕೊಡ್ತೀವಿ’ ಅಂದಿದ್ದರೆ ನಾವೇ ಕೈಮುಗಿಯುತ್ತಿದ್ದೆವು.

ಇದಾದ ಒಂದೆರಡು ವಾರಕ್ಕೆ ಗಾಡಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ‘ವಾರಂಟಿ ಮುಗೀತಿದ್ದ ಹಾಗೇ ಕೈ ಕೊಡ್ತು ನೋಡಿ, ಗಾಡಿಗೂ ಗೊತ್ತಾಗುತ್ತೆ ಕಣ್ರೀ’ ಎಂಬುದು ಟೋಚನ್ ಹಗ್ಗ ಕಟ್ಟುವ ಹೊತ್ತಿಗೆ ಎಲ್ಲರ ಬಾಯಲ್ಲೂ ಬರುವ ಮಾತು. ಗಾಡಿಗೆ ಅದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ವಾರಂಟಿ ಕಾಗದವನ್ನು ಓದಬೇಕು, ಯಾಕೆಂದರೆ ಕೊಳ್ಳುವ ದಿನ ಅದನ್ನು ಯಾರೂ ಓದಿರುವುದಿಲ್ಲ. ಆವತ್ತು ನಿಂಬೆಹಣ್ಣು ಚಕ್ರದ ಕೆಳಗಿಡುವ ಗಡಿಬಿಡಿ.

ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಇಂಜಿನ್ ಮತ್ತು ಗೇರ್‌ಬಾಕ್ಸ್’ ಎಂದಿರುತ್ತದೆ. ಹಿಂದಿನ ಪುಟದಲ್ಲಿ, ಕನ್ನಡಕ ಇದ್ದವರೂ ಕಣ್ಣು ಕಿರಿದು ಮಾಡಬೇಕಾದ ಅಕ್ಷರದಲ್ಲಿ, ವಾರಂಟಿಗೆ ಸೇರದ್ದರ ಪಟ್ಟಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ, ಟೈರು, ಬುಷ್ಷು, ಬೆಲ್ಟು, ಹೋಸ್ ಪೈಪು, ಆಯಿಲ್ ಸೀಲು, ಗ್ಯಾಸ್ಕೆಟ್ಟು, ಸೆನ್ಸರು, ವೈರಿಂಗು, ಏಸಿ ಗ್ಯಾಸು. ಇಷ್ಟನ್ನೂ ಕಳೆದರೆ ಉಳಿಯುವುದು ಬ್ಲಾಕು, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡು, ಕ್ರ್ಯಾಂಕು, ಪಿಸ್ಟನ್ನು, ಗೇರಿನ ಹಲ್ಲು. ಇವು ತಾವಾಗಿ ಹಾಳಾಗುವುದು ಬಹಳ ಅಪರೂಪ. ಪಟ್ಟಿಯಲ್ಲಿ ಹೊರಗಿಟ್ಟ ಸಾಮಾನು ಹೋದಾಗ ಅದರ ಹಿಂದೆ ಇವೂ ಹೋಗುತ್ತವೆ. ರೇಡಿಯೇಟರಿಗೆ ನೀರು ಒಯ್ಯುವ ನಾಲ್ಕು ನೂರು ರೂಪಾಯಿಯ ಹೋಸು ಒಡೆದು, ನೀರೆಲ್ಲ ಸೋರಿ, ಇಂಜಿನ್ ಹೀಟಾಗಿ ಹೆಡ್ಡು ಬೆಂಡಾಯಿತು ಅನ್ನಿ. ಹೆಡ್ಡು ಇಂಜಿನ್ನಿಗೆ ಸೇರಿದ್ದು, ವಾರಂಟಿಯಲ್ಲಿ ಇದೆ. ಆದರೆ ಹಾಳಾದದ್ದು ಹೋಸಿನಿಂದ, ಹೋಸು ವಾರಂಟಿಯಲ್ಲಿ ಇಲ್ಲ, ಆದ್ದರಿಂದ ಹೆಡ್ಡೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರುವುದಿಲ್ಲ, ದಪ್ಪಕ್ಷರದಲ್ಲಿ ಬರೆಸಿರುತ್ತಾನೆ ಅಷ್ಟೆ.

ಇನ್ನು ಮಾರುವ ಮೊದಲು ಗಾಡಿಯ ರೋಗ ಮುಚ್ಚಿಡುವ ಉಪಾಯಗಳು. ಮೊದಲು ಆಯಿಲಿನ ವಿಷಯ. 5ಡಬ್ಲ್ಯು-30 ಎಂಬ ತೆಳು ಆಯಿಲು ಹಾಕಬೇಕಾದ ಇಂಜಿನ್ನಿಗೆ 20ಡಬ್ಲ್ಯು-50 ಎಂಬ ಮಂದ ಆಯಿಲು ಸುರಿದರೆ ಸವೆದ ಪಿಸ್ಟನ್ ರಿಂಗು, ಗಟ್ಟಿಯಾದ ವಾಲ್ವ್ ಸೀಲು ಇವುಗಳ ನೀಲಿ ಹೊಗೆ ಕೆಲವು ಕಾಲ ಕಡಿಮೆಯಾಗುತ್ತದೆ, ವಾಲ್ವುಗಳ ಕಡೆಯಿಂದ ಬರುವ ಟ್ಯಾಪೆಟ್ಟಿನ ಟಕಟಕ ಸದ್ದು ಅಡಗುತ್ತದೆ. ಮಂದ ಆಯಿಲು ಸಂದಿಯನ್ನು ತುಂಬಿಕೊಳ್ಳುತ್ತದೆ. ಮುಂದಿನ ಸರ್ವೀಸಿನಲ್ಲಿ ಪಾಪ ಯಾರೋ ಪ್ರಾಮಾಣಿಕ ಮೆಕ್ಯಾನಿಕ್ಕು ಪುಸ್ತಕದಲ್ಲಿರುವ ಗ್ರೇಡನ್ನೇ ಹಾಕುತ್ತಾನೆ. ಮರುದಿನದಿಂದ ಹೊಗೆ. ಬೈಗುಳವೆಲ್ಲ ಆ ಪ್ರಾಮಾಣಿಕನಿಗೆ. ‘ಚೆನ್ನಾಗಿದ್ದ ಗಾಡಿ, ಸರ್ವೀಸ್ ಮಾಡಿಸಿ ಹಾಳಾಯ್ತು.’

ಡ್ಯಾಶ್‌ಬೋರ್ಡಿನ ದೀಪಗಳಿಗೂ ಇಂಥ ಚಿಕಿತ್ಸೆ ಉಂಟು. ಕೀ ಆನ್ ಮಾಡಿದಾಗ ಇಂಜಿನ್ ದೀಪ, ಏರ್‌ಬ್ಯಾಗ್ ದೀಪ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಮೂರೂ ಹತ್ತಬೇಕು. ಏರ್‌ಬ್ಯಾಗಿನದೂ ಎಬಿಎಸ್‌ನದೂ ಕೆಲವು ಸೆಕೆಂಡಿಗೆ ತಾವೇ ಆರಬೇಕು, ಇಂಜಿನ್ನಿನದು ಗಾಡಿ ಸ್ಟಾರ್ಟಾದ ಮೇಲೆ ಆರಬೇಕು. ಹತ್ತದೇ ಇದ್ದರೆ ಬಲ್ಬು ಸುಟ್ಟಿರಬೇಕು, ಇಲ್ಲವೇ ಯಾರೋ ಕಿತ್ತಿರಬೇಕು. ಏರ್‌ಬ್ಯಾಗ್ ದೀಪ ಮತ್ತು ಆಯಿಲ್ ದೀಪ ಒಟ್ಟಿಗೇ ಹತ್ತಿ, ಇಂಜಿನ್ ಸ್ಟಾರ್ಟಾದ ಕ್ಷಣ ಒಟ್ಟಿಗೇ ಆರಿದರೆ ಎರಡರ ವೈರೂ ಒಂದೇ ಕಡೆ ಸೇರಿಸಿದ್ದಾರೆಯೇ ಎಂದು ನೋಡಬೇಕು. 2013ರ ಈಚಿನ ಬಿಎಸ್4 (ಸರ್ಕಾರದ ಹೊಗೆ ನಿಯಮದ ಒಂದು ಹಂತ) ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ ಗಾಡಿಯ ದೋಷ ಓದಲು 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಬ್ಲೂಟೂತ್ ಬಿಲ್ಲೆ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಎಲ್ಲರೂ ‘ಎರರ್ ಕೋಡ್ ಏನೂ ಇಲ್ಲ’ ಎಂದು ನೋಡಿ ಸುಮ್ಮನಾಗುತ್ತಾರೆ. ನೋಡಬೇಕಾದದ್ದು ಇನ್ನೊಂದು: ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವನ್ನು ಬಹಳಷ್ಟು ಇಸಿಯುಗಳು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರುಗಳು, ಇಟ್ಟುಕೊಂಡಿರುತ್ತವೆ. ಮೀಟರಿನಲ್ಲಿ 62,000, ಕೋಡ್ ಅಳಿಸಿ 9 ಕಿಲೋಮೀಟರ್ ಎಂದು ಬಂದರೆ ಮಾರುವವರಿಗೆ ಅದೇ ಕೈಮುಗಿದು ವಾಪಸ್ ಬರಬಹುದು.

ಕೊಳ್ಳುವಾಗ ಮಾಡುವ ಈ ಪರೀಕ್ಷೆಗಳನ್ನೆಲ್ಲ ವಾರಂಟಿ ಮುಗಿಯುವ ಹದಿನೈದು ದಿನ ಮೊದಲು ಮತ್ತೊಮ್ಮೆ ಮಾಡಬೇಕು. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಮೆಕ್ಯಾನಿಕ್ಕಿನ ಎದುರಿಗೆ ಮೊದಲ ಸಲ ಸ್ಟಾರ್ಟ್ ಮಾಡಬೇಕು, ಆಮೇಲೆ ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಿಸಬೇಕು. ಸಿಕ್ಕಿದ್ದನ್ನು ಫೋನಿನಲ್ಲಿ ಹೇಳಬಾರದು. ಈಮೇಲಿನಲ್ಲಿ, ಫೋಟೋ ಸಮೇತ, ತಾರೀಖು ಕಾಣುವ ಹಾಗೆ ಬರೆಯಬೇಕು. ‘ಹೇಳಿದ್ರಲ್ಲ ಸಾರ್, ನೋಟ್ ಮಾಡ್ಕೊಂಡಿದೀನಿ’ ಎಂದ ಹುಡುಗ ಮುಂದಿನ ತಿಂಗಳು ಆ ಶೋರೂಮಿನಲ್ಲಿ ಇರುವುದಿಲ್ಲ.

ಗಾಡಿಗೆ ಗೊತ್ತಾಗುವ ವಿಷಯಕ್ಕೆ ಬಂದೆ. ನಮ್ಮಲ್ಲಿ ಬಹಳ ಜನ ಕಾರು ಮನೆಗೆ ತರುವುದು ಆಯುಧಪೂಜೆ, ದೀಪಾವಳಿಯ ಆಸುಪಾಸಿಗೆ. ಅಕ್ಟೋಬರಿನಿಂದ ಆರು ತಿಂಗಳು ಎಣಿಸಿದರೆ ಏಪ್ರಿಲ್. ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟುವ ಕಾಲ, ಮಕ್ಕಳಿಗೆ ರಜೆ, ಐದು ಜನ, ಡಿಕ್ಕಿ ತುಂಬ ಲಗೇಜು, ಏಸಿ ನಾಲ್ಕರಲ್ಲಿ. ವಾರಂಟಿಯ ಆರು ತಿಂಗಳೂ ಚಳಿಯಲ್ಲಿ ಆಫೀಸಿಗೆ ಹೋಗಿ ಬಂದ ರೇಡಿಯೇಟರಿಗೆ ಮೊದಲ ಪರೀಕ್ಷೆ ಅದೇ. ಹೀಗೆ ಹೇಳಿದರೆ ಬಹಳ ಜಾಣತನದ ವಿವರಣೆ ಅನ್ನಿಸುತ್ತದೆ. ಆದರೆ ಯುಗಾದಿಗೆ ಕೊಂಡವರ ಗಾಡಿ ದಸರೆಗೆ ಕೈ ಕೊಡುವುದು ಏಕೆ? ಅದಕ್ಕೂ ಉತ್ತರವಿದೆ, ಆದರೆ ರೇಡಿಯೇಟರಿನ ಮಾತು ಬಂತಲ್ಲ, ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟಿನ ಬಗ್ಗೆ ಹೇಳದೆ ಮುಂದೆ ಹೋಗುವುದು ನನ್ನಿಂದ ಆಗದ ಕೆಲಸ.

ಹಳೇ ಕಾರು ಹೀಟಾಗುತ್ತಿದೆ ಎಂದು ರಸ್ತೆ ಬದಿಯ ಗ್ಯಾರೇಜಿಗೆ ಒಯ್ದರೆ ಹತ್ತು ನಿಮಿಷದಲ್ಲಿ ಮೇಲಿನ ಹೋಸು ಬಿಚ್ಚಿ, ಎರಡು ಬೋಲ್ಟು ತೆಗೆದು, ಒಳಗಿನಿಂದ ಹಿತ್ತಾಳೆಯ ಒಂದು ಪುಟ್ಟ ಬಿಲ್ಲೆ, ಅಂದರೆ ಆ ಥರ್ಮೋಸ್ಟಾಟನ್ನೇ, ಎತ್ತಿ ಮೂಲೆಗೆ ಎಸೆಯುತ್ತಾರೆ. ‘ಇದೇ ನೋಡಿ ಪ್ರಾಬ್ಲಮ್ಮು.’ ಹೊಸದು ಹಾಕಿ ಅಂದರೆ, ‘ಅದೇನ್ ಬೇಕಾಗಿಲ್ಲ ಬಿಡಿ ಸಾರ್, ಅದು ಫಾರಿನ್ನಿನ ಚಳಿಗೆ ಮಾಡಿರೋದು.’ ಆ ಬಿಲ್ಲೆಯೊಳಗೆ ಇರುವುದು ಮೇಣ. ಅಂಥ ಮೇಣದ ಥರ್ಮೋಸ್ಟಾಟನ್ನು ಸೆರ್ಜಿಯಸ್ ವೆರ್ನೆ ಎಂಬಾತ ರೂಪಿಸಿದ್ದು 1934ರಲ್ಲಿ. ಬಿಸಿಯಾದರೆ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ನೂಕುತ್ತದೆ, ಬಾಗಿಲು ತೆರೆಯುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ. ಕರೆಂಟು ಬೇಡ, ವೈರು ಬೇಡ, ಕಂಪ್ಯೂಟರು ಬೇಡ. ಇಡೀ ಬಾನೆಟ್ಟಿನ ಕೆಳಗೆ ಇಷ್ಟು ಮರ್ಯಾದಸ್ಥ ಸಾಮಾನು ಇನ್ನೊಂದಿಲ್ಲ, ಇಷ್ಟು ಅವಮಾನ ಉಂಡದ್ದೂ ಇನ್ನೊಂದಿಲ್ಲ.

ಅಂಬಾಸಿಡರ್, ಪದ್ಮಿನಿಯ ಕಾರ್ಬುರೇಟರ್ ಕಾಲದಲ್ಲಿ ಇದನ್ನು ಕಿತ್ತರೂ ಗಾಡಿ ಹೇಗೋ ಓಡುತ್ತಿತ್ತು, ಪೆಟ್ರೋಲ್ ಕುಡಿಯುತ್ತಿತ್ತು, ಯಾರೂ ಲೆಕ್ಕ ಇಡುತ್ತಿರಲಿಲ್ಲ. ಈಗಿನ ಗಾಡಿಯಲ್ಲಿ ಇಸಿಯು ಕೂಲಂಟಿನ (ಇಂಜಿನ್ ತಂಪಿಡುವ ದ್ರವದ) ಬಿಸಿ ಅಳೆಯುವ ಸೆನ್ಸರನ್ನು ನೋಡಿಕೊಂಡು ಪೆಟ್ರೋಲ್ ಹಾಕುತ್ತದೆ. ಬಿಲ್ಲೆ ಇಲ್ಲದ ಇಂಜಿನ್ನು ತುಮಕೂರು ಹೈವೇಯಲ್ಲಿ 90 ಡಿಗ್ರಿ ಮುಟ್ಟದೆ 60, 65ರಲ್ಲೇ ಓಡುತ್ತಿರುತ್ತದೆ. ಇಸಿಯು ‘ಇಂಜಿನ್ ಇನ್ನೂ ತಣ್ಣಗಿದೆ’ ಎಂದು ಹೆಚ್ಚು ಸುರಿಯುತ್ತದೆ. ಪ್ಲಗ್ಗು ಕಪ್ಪಾಗುತ್ತದೆ, ಮೈಲೇಜು ಬೀಳುತ್ತದೆ, ಉರಿಯದ ಪೆಟ್ರೋಲು ರಿಂಗಿನ ಸಂದಿಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲು ಕಡಿಮೆಯಾಗುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಖುಷಿಪಡಬೇಡಿ. ಕೆಲವು ಗಾಡಿಗಳಲ್ಲಿ ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಎಂಬ ಕೋಡ್ ಬರುತ್ತದೆ. ಅದನ್ನು ಅಳಿಸಿದರೆ 9 ಕಿಲೋಮೀಟರಿನ ರಹಸ್ಯ ಅಲ್ಲಿಂದ ಶುರು. ಬಿಎಸ್6 ಡೀಸೆಲ್ಲಾದರೆ ಇನ್ನೂ ಕಷ್ಟ. ಇಂಜಿನ್ ಸಾಕಷ್ಟು ಬಿಸಿಯಾಗದೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರು, ತನ್ನ ಮಸಿಯನ್ನು ಸುಟ್ಟುಕೊಳ್ಳುವುದಿಲ್ಲ.

ತಮಾಷೆಯೆಂದರೆ, ಇದನ್ನು ತೆಗೆದರೆ ಹೀಟಾಗುವುದು ತಪ್ಪುತ್ತದೆ ಎಂಬ ಖಾತ್ರಿಯೂ ಇಲ್ಲ. ಅನೇಕ ಇಂಜಿನ್ನುಗಳಲ್ಲಿ ಈ ಬಿಲ್ಲೆಯ ಹಿಂಬದಿಗೆ ಇನ್ನೊಂದು ತಟ್ಟೆ ಇರುತ್ತದೆ. ರೇಡಿಯೇಟರಿನ ಬಾಗಿಲು ತೆರೆದಾಗ ಅದು ಬೈಪಾಸ್ ದಾರಿಯನ್ನು ಮುಚ್ಚಬೇಕು. ಬಿಲ್ಲೆಯನ್ನೇ ಕಿತ್ತರೆ ಎರಡೂ ದಾರಿ ಸದಾ ತೆರೆದಿರುತ್ತವೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಇಂಜಿನ್ನಿಗೆ ವಾಪಸ್. ಹೈವೇಯಲ್ಲಿ ಚಳಿ ಹಿಡಿದ ಗಾಡಿ ಚಾರ್ಮಾಡಿ ಹತ್ತುವಾಗ ಕುದಿಯುತ್ತದೆ. ಆಗ ‘ರೇಡಿಯೇಟರೇ ಚೇಂಜ್ ಮಾಡಬೇಕು’ ಎನ್ನುತ್ತಾರೆ, ಅದೇ ಗ್ಯಾರೇಜಿನವರು.

ಬಿಲ್ಲೆ ಇದೆಯೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಕೈಯಿಂದ ತಿಳಿಯಬಹುದು. ತಣ್ಣನೆ ಗಾಡಿ ಸ್ಟಾರ್ಟ್ ಮಾಡಿ ಮೇಲಿನ ಹೋಸು ಮುಟ್ಟುತ್ತಾ ಇರಿ, ಫ್ಯಾನಿನಿಂದ ಕೈ ದೂರ ಇರಲಿ. ಹಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಇದ್ದಕ್ಕಿದ್ದಂತೆ ಬಿಸಿಯಾದರೆ ಸರಿ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಬಿಲ್ಲೆ ಇಲ್ಲ, ಅಥವಾ ತೆರೆದೇ ಅಂಟಿಕೊಂಡಿದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಬಂದರೂ ಹೋಸು ತಣ್ಣಗಿದ್ದರೆ ಮುಚ್ಚಿಕೊಂಡಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕೆಲವು ಮಾಡೆಲ್ಲಿನಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಕಡೆ ಇರುತ್ತದೆ, ಅಲ್ಲಿ ಕೆಳಗಿನದನ್ನು ನೋಡಬೇಕು. ಬಿಚ್ಚಿದ ಬಿಲ್ಲೆ ಕೆಟ್ಟಿದೆಯೋ ಎಂಬ ಅನುಮಾನವಿದ್ದರೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತಳ ಮುಟ್ಟದ ಹಾಗೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಅಥವಾ 88 ಎಂದು ಒತ್ತಿರುತ್ತದೆ. ಆ ಡಿಗ್ರಿಗೆ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಹೊಸದನ್ನು ಕೂರಿಸುವಾಗ ಅಂಚಿನ ತೂತಿನಲ್ಲಿ ಅಲ್ಲಾಡುವ ಪುಟ್ಟ ಪಿನ್ನು ಇದ್ದರೆ ಅದು ಮೇಲ್ಭಾಗಕ್ಕೆ ಬರಬೇಕು, ಗಾಳಿ ಹೊರಗೆ ಹೋಗುವುದು ಅಲ್ಲಿಂದ. ಕೂಲಂಟನ್ನು ನಿಧಾನವಾಗಿ ತುಂಬಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನು ಎರಡು ಸಲ ಬಂದು ನಿಲ್ಲುವವರೆಗೆ ಐಡಲಿನಲ್ಲಿ ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಇಳಿದಷ್ಟನ್ನು ತುಂಬಬೇಕು. ಈ ಕೆಲಸಕ್ಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆ ಯಾರಿಗೂ ಇಲ್ಲ, ಆದ್ದರಿಂದ ಬಿಲ್ಲೆಯೇ ಬೇಕಾಗಿಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಇಂಜಿನ್ನಿನೊಳಗೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಸಣ್ಣ ಕಾರಿಗೆ ನಾಲ್ಕೈದು ಲೀಟರ್ ಕೂಲಂಟ್ ಸಾಕು. ಪ್ರೀಮಿಕ್ಸ್ ಎಂದು ಬರೆದಿದ್ದರೆ ಅದಕ್ಕೆ ಮತ್ತೆ ನೀರು ಬೆರೆಸಬಾರದು, ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ವಾಟರ್. ಬಣ್ಣ ನೋಡಿ ‘ಹಸಿರಿಗೆ ಹಸಿರು’ ಎಂದು ಸುರಿಯುವುದೂ ತಪ್ಪು, ಬಣ್ಣವೆಂಬುದು ಕಂಪನಿಯವರ ಇಷ್ಟ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂದಿರುತ್ತದೆ. ಆ ಒತ್ತಡ ಹಿಡಿದಿಟ್ಟರೆ ನೀರು ಕುದಿಯುವುದು 120 ಡಿಗ್ರಿಯ ಹತ್ತಿರ. ಸ್ಪ್ರಿಂಗು ಸತ್ತ ಮುಚ್ಚಳವಾದರೆ 100ಕ್ಕೇ ಆಟ ಮುಗಿಯಿತು. ಇಷ್ಟರ ಮೇಲೂ ಹೆಡ್ಡು ಬಿಚ್ಚಬೇಕಾಗಿ ಬಂದರೆ ಫೇಸಿಂಗಿಗೆ (ಉಜ್ಜಿ ಸಮ ಮಾಡುವುದಕ್ಕೆ) ಕೊಡುವ ಮೊದಲು ಸ್ಟ್ರೇಟ್ ಎಡ್ಜ್ ಎಂಬ ನೇರ ಪಟ್ಟಿ ಇಟ್ಟು, ಸಂದಿಯನ್ನು ಫೀಲರ್ ಗೇಜಿನ ತೆಳು ತಗಡಿನಲ್ಲಿ ಎದುರಿಗೇ ಅಳೆಸಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 0.05 ಮಿಲಿಮೀಟರಿಗಿಂತ ಹೆಚ್ಚು ಬೆಂಡಿಗೆ ಅವಕಾಶವಿಲ್ಲ. ಹೆಡ್ಡಿನ ಬೋಲ್ಟು ಬಿಗಿಯುವಾಗ ಎಳೆದು ಉದ್ದವಾಗುವ ಜಾತಿಯದಾದರೆ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ.

ಯುಗಾದಿಗೆ ಕೊಂಡ ಗಾಡಿಗಳು ದಸರೆಗೆ ಏಕೆ ಕೈ ಕೊಡುತ್ತವೆ ಎಂಬ ಪ್ರಶ್ನೆ ಉಳಿಯಿತು. ಅವು ವಾರಂಟಿಯೊಳಗೆ ಒಂದು ಮಳೆಗಾಲ ಕಂಡಿರುತ್ತವೆ. ಗುಂಡಿಯಲ್ಲಿ ಇಳಿದು ಹತ್ತಿ ಸಸ್ಪೆನ್ಷನ್ನಿನ ಲಿಂಕ್ ರಾಡು, ಲೋಯರ್ ಆರ್ಮ್ ಬುಷ್ಷು ಕಟಕಟ ಅನ್ನತೊಡಗುತ್ತವೆ, ನೀರು ಹೊಕ್ಕ ವ್ಹೀಲ್ ಬೇರಿಂಗು 60ರ ಮೇಲೆ ಗುಂಯ್‌ಗುಡುತ್ತದೆ. ಅವು ಇಂಜಿನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ಲ, ವಾರಂಟಿ ಇದ್ದರೂ ಒಂದೇ ಮುಗಿದರೂ ಒಂದೇ. ಕ್ಲಚ್ಚಿಗಂತೂ ಋತುವಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಇಂಜಿನ್ನು ತಟ್ಟನೆ ಆಫಾಗಬೇಕು. ಆಗದಿದ್ದರೆ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಸೆಟ್ಟಾಗಿಯೇ ಹಾಕಿಸಿ. ಬೇರಿಂಗಿನಲ್ಲಿ ದುಡ್ಡು ಉಳಿಸಿದರೆ ಅದಕ್ಕೆಂದೇ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾದೀತು, ಕೂಲಿ ಎರಡನೇ ಸಲ.

ಏಸಿಯವರನ್ನು ಹೀಗೇ ಬಿಡಲು ಮನಸ್ಸಿಲ್ಲ. ಪ್ರತಿ ಮಾರ್ಚಿಗೆ ‘ಗ್ಯಾಸ್ ಖಾಲಿಯಾಗಿದೆ ಸಾರ್, ಟಾಪ್‌ಅಪ್ ಮಾಡೋಣ’ ಎನ್ನುತ್ತಾರೆ. ಪೆಟ್ರೋಲಿನ ಹಾಗೆ ಅದು ಉರಿದು ಹೋಗುವ ಪದಾರ್ಥವಲ್ಲ. ಒಂದೇ ವರ್ಷದಲ್ಲಿ ತಣ್ಣಗಾಗದಷ್ಟು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಕಂಡೆನ್ಸರಿಗೆ ಕಲ್ಲು ಬಡಿದಿರಬಹುದು, ಒ-ರಿಂಗ್ ಒಣಗಿರಬಹುದು. ಮೊದಲು ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ಸೋರುವ ಜಾಗ ಹುಡುಕಿ ಅನ್ನಿ. ಆಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಬರೆದಿದೆಯೋ ಅಷ್ಟನ್ನೇ ತಕ್ಕಡಿಯಲ್ಲಿ ತೂಗಿ ಹಾಕಲಿ. ತಕ್ಕಡಿ ಇಲ್ಲ, ಗೇಜು ನೋಡಿ ಅಂದಾಜಿಗೆ ಹಾಕುತ್ತೇವೆ ಅಂದರೆ ಬೇರೆ ಅಂಗಡಿ ನೋಡಿಕೊಳ್ಳಿ.